ಜುಲೈ 21ರಿಂದ ಸೆಪ್ಟೆಂಬರ್ 12ರವರೆಗಿನ 53 ದಿನ: ಒಂದು ಬಹಿರಂಗ ಪತ್ರ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ನಿರ್ದೇಶಕರಿಗೆ, ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ, ಹುಬ್ಬಳ್ಳಿ, ಧಾರವಾಡ, ಕುಂದಗೋಳ, ಗದಗಿನ ಸಂಗೀತ ಸಭೆಗಳವರಿಗೆ, ಮನೆಯ ಕಪಾಟಿನಲ್ಲಿ ಹಳೆಯ ಕ್ಯಾಸೆಟ್ಟು, ಸ್ಪೂಲು (ಬಿಡಿ ಚಕ್ರಕ್ಕೆ ಸುತ್ತಿದ ಟೇಪು) ಇಟ್ಟುಕೊಂಡಿರುವ ಎಲ್ಲ ಕೇಳುಗರಿಗೆ.

ಮಾನ್ಯರೆ,

ಪಂಡಿತ ಬಸವರಾಜ ರಾಜಗುರು ತೀರಿಕೊಂಡದ್ದು 1991ರ ಜುಲೈ 21, ಭಾನುವಾರ. ವಿದುಷಿ ಗಂಗೂಬಾಯಿ ಹಾನಗಲ್ ತೀರಿಕೊಂಡದ್ದು 2009ರ ಜುಲೈ 21, ಮಂಗಳವಾರ. ಇಬ್ಬರೂ ಹಿಂದುಸ್ತಾನಿ ಗಾಯಕರು, ಕಿರಾಣಾ ಘರಾಣೆಯವರು (ಘರಾಣೆಯೆಂದರೆ ಗುರುಪರಂಪರೆಯಿಂದ ಬಂದ ಗಾಯನಶೈಲಿ), ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತವರು. ಆ ಗುರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು. ಸರಿಯಾಗಿ ನಲವತ್ತು ವರ್ಷದ ನಂತರ, 1992ರ ಸೆಪ್ಟೆಂಬರ್ 12ರಂದು, ಪಂಡಿತ ಮಲ್ಲಿಕಾರ್ಜುನ ಮನಸೂರ ಹೋದರು. ಧಾರವಾಡದ ಮಣ್ಣಿನ ನಾಲ್ಕು ದೊಡ್ಡ ದನಿಗಳು ಹೀಗೆ ಎರಡೇ ತಾರೀಖಿನಲ್ಲಿ ಜೋಡಿಜೋಡಿಯಾಗಿ ಕೂತಿವೆ. ಡಿಸೆಂಬರ್ 11 ಬಂದರೆ ಎಂ.ಎಸ್. ಸುಬ್ಬುಲಕ್ಷ್ಮಿ (2004) ಮತ್ತು ಪಂಡಿತ ರವಿಶಂಕರ್ (2012) ಇಬ್ಬರನ್ನೂ ದೇಶವೇ ನೆನೆಯುತ್ತದೆ. ನಮ್ಮ ಈ ಎರಡು ತಾರೀಖುಗಳನ್ನು ನೆನೆಯುವ ಹೊಣೆ ನಮ್ಮದೇ.

ಜುಲೈ 21ರಿಂದ ಸೆಪ್ಟೆಂಬರ್ 12ಕ್ಕೆ 53 ದಿನ. ನಡುವೆ ಆಗಸ್ಟ್ 24, ರಾಜಗುರು ಅವರ ಜನ್ಮದಿನ. ನಮ್ಮ ಬೇಡಿಕೆ ಇಷ್ಟು: ಈ 53 ದಿನಗಳನ್ನು ಒಂದೇ ಕಾರ್ಯಕ್ರಮವಾಗಿ ಹಿಡಿಯಿರಿ. ಮೊದಲ ದಿನ ಮತ್ತು ಕೊನೆಯ ದಿನ ಜನ ಕೂತು ಕೇಳಲಿ. ನಡುವಿನ ದಿನಗಳಲ್ಲಿ ಮನೆಮನೆಯಲ್ಲಿ ಕೆಡುತ್ತಿರುವ ಧ್ವನಿಮುದ್ರಣಗಳನ್ನು ಉಳಿಸುವ ಕೆಲಸ ಆಗಲಿ. ಹಾರ, ಫೋಟೊ, ದೀಪ ಬೇಡವೆಂದಲ್ಲ, ಅದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹಾಡಿದವರ ಸ್ಮರಣೆಯೆಂದರೆ ಅವರ ಹಾಡಿಕೆಯನ್ನು ಅದಿದ್ದ ಹಾಗೆ ಕೇಳುವುದು. ‘ಅದಿದ್ದ ಹಾಗೆ’ ಎಂಬಲ್ಲೇ ಕೆಲಸವೆಲ್ಲ ಇದೆ.

ಮೊದಲು ತಾರೀಖಿನ ಮಾತು. ಪುಣ್ಯತಿಥಿಯನ್ನು ಪಂಚಾಂಗದ ತಿಥಿಗೆ ಮಾಡಬೇಕೋ, ತಾರೀಖಿಗೆ ಮಾಡಬೇಕೋ ಎಂಬ ಚರ್ಚೆ ಪ್ರತಿವರ್ಷ ಏಳುತ್ತದೆ. ತಿಥಿ ಹಿಡಿದರೆ ಈ ಜೋಡಿಗಳು ಬಿಡಿಬಿಡಿಯಾಗುತ್ತವೆ. 1991ರ ಜುಲೈ 21 ಆಷಾಢದ ಶುಕ್ಲಪಕ್ಷ, ಹುಣ್ಣಿಮೆಗೆ ಇನ್ನೂ ಐದು ದಿನವಿತ್ತು. 2009ರ ಜುಲೈ 21 ಕೃಷ್ಣಪಕ್ಷದ ತುದಿ. ಮರುದಿನ ಬೆಳಗ್ಗೆಯೇ ಖಗ್ರಾಸ ಸೂರ್ಯಗ್ರಹಣ ಆದದ್ದು ಹಲವರಿಗೆ ನೆನಪಿರಬಹುದು. ಸೆಪ್ಟೆಂಬರದ್ದೂ ಹಾಗೆಯೇ: 1952ರಲ್ಲಿ ಅದು ಪಕ್ಷಮಾಸ (ಭಾದ್ರಪದದ ಕೃಷ್ಣಪಕ್ಷ), 1992ರಲ್ಲಿ ಭಾದ್ರಪದದ ಹುಣ್ಣಿಮೆ. ಮನೆಯವರು, ಶಿಷ್ಯರು ತಿಥಿಯನ್ನು ಆಚರಿಸಲಿ, ಅದು ಅವರ ಹಕ್ಕು. ಸಾರ್ವಜನಿಕ ಸ್ಮರಣೆಗೆ ತಾರೀಖನ್ನೇ ಇಟ್ಟುಕೊಂಡರೆ ಸಭಾಂಗಣ ಕಾದಿರಿಸುವುದಕ್ಕೂ, ಬಾನುಲಿಯವರಿಗೆ ತಿಳಿಸುವುದಕ್ಕೂ, ಶಾಲೆಯವರಿಗೆ ಪತ್ರ ಬರೆಯುವುದಕ್ಕೂ ಒಂದು ವರ್ಷ ಮೊದಲೇ ಸಾಧ್ಯ. ಪುಣೆಯಲ್ಲಿ ಪಂಡಿತ ಭೀಮಸೇನ ಜೋಶಿಯವರು 1953ರಲ್ಲಿ ತಮ್ಮ ಗುರು ಸವಾಯಿ ಗಂಧರ್ವರ ಸ್ಮರಣೆಗೆಂದು ಹಚ್ಚಿದ ಉತ್ಸವ ಈಗ ಡಿಸೆಂಬರಿನಲ್ಲಿ ನಡೆಯುತ್ತದೆ. ಹಾಗಾಗಿ ಸೆಪ್ಟೆಂಬರ್ 12 ಅನ್ನುವ ದಿನವೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಆಮಂತ್ರಣ ಪತ್ರಿಕೆಯಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳು ಕೆಲವಿವೆ. ರಾಜಗುರು ಅವರ ಪದ್ಮಭೂಷಣ 1991ರದ್ದು, ಮನಸೂರರ ಪದ್ಮವಿಭೂಷಣ 1992ರದ್ದು. ಪ್ರಶಸ್ತಿಯ ವರ್ಷವೂ ತೀರಿಕೊಂಡ ವರ್ಷವೂ ಒಂದೇ ಆದ್ದರಿಂದ ‘ಮರಣೋತ್ತರ’ ಎಂದು ಸೇರಿಸಿಬಿಡುತ್ತಾರೆ. ಪದ್ಮ ಪ್ರಶಸ್ತಿ ಘೋಷಣೆಯಾಗುವುದು ಜನವರಿಯಲ್ಲಿ, ಇಬ್ಬರೂ ಆಗ ಬದುಕಿದ್ದರು. ರಾಜಗುರು ಅವರ ಜನ್ಮವರ್ಷ ಒಂದು ಕಡೆ 1917, ಇನ್ನೊಂದು ಕಡೆ 1920 ಎಂದು ಬರುತ್ತದೆ. ಹೀಗಿರುವಾಗ ‘ಇಂತಿಷ್ಟನೆಯ ಜಯಂತಿ’ ಎಂದು ಅಚ್ಚು ಹಾಕಿಸುವ ಬದಲು ತಾರೀಖು ಮಾತ್ರ ಬರೆಯುವುದು ಸುರಕ್ಷಿತ. ಇನ್ನೊಂದು, ಮನಸೂರರು ಸವಾಯಿ ಗಂಧರ್ವರ ಶಿಷ್ಯರಲ್ಲ. ಒಂದೇ ದಿನ ಸ್ಮರಣೆ ಮಾಡುವಾಗ ಭಾಷಣಕಾರರು ಹಾಗೆ ಹೇಳಿಬಿಡುವುದುಂಟು. ಮನಸೂರರು ನೀಲಕಂಠಬುವಾ ಮಿರಜಕರ, ಆಮೇಲೆ ಮಂಜಿಖಾನ್, ಭುರ್ಜಿಖಾನ್ ಇವರಲ್ಲಿ ಕಲಿತು ಜೈಪುರ-ಅತ್ರೌಲಿ ಗಾಯನಶೈಲಿಯನ್ನು ಬೆಳೆಸಿದವರು. ಸವಾಯಿ ಗಂಧರ್ವರದು ಅಬ್ದುಲ್ ಕರೀಂಖಾನರ ಕಿರಾಣಾ. ಸ್ವರವನ್ನು ಒಂದೊಂದಾಗಿ ಬಿಡಿಸಿ ಬೆಳೆಸುವ ಕಿರಾಣಾ ರೀತಿ ಮತ್ತು ಲಯದ ಬೆನ್ನೇರಿ ಸುತ್ತುಸುತ್ತಾಗಿ ಸಾಗುವ ಜೈಪುರದ ರೀತಿ, ಎರಡನ್ನೂ ಒಂದೇ ಸಂಜೆ ಪಕ್ಕಪಕ್ಕದಲ್ಲಿ ಕೇಳಿಸಬಹುದಾದ ದಿನ ಸೆಪ್ಟೆಂಬರ್ 12. ಇದಕ್ಕಿಂತ ಒಳ್ಳೆಯ ಪಾಠ ಯಾವ ತರಗತಿಯಲ್ಲೂ ಸಿಗದು.

ಇನ್ನು ಧ್ವನಿಯ ವಿಷಯ. ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಗಂಗೂಬಾಯಿಯವರ 1930ರ ದಶಕದ ಗ್ರಾಮಫೋನ್ ತಟ್ಟೆಗಳ ಲೇಬಲ್ಲಿನ ಮೇಲೆ ಇರುವ ಹೆಸರು ‘ಗಾಂಧಾರಿ’. ದನಿಯೂ ಬೇರೆ: ತೆಳುವಾದ, ಎತ್ತರದ ಹೆಣ್ಣುದನಿ. 1940ರ ದಶಕದಲ್ಲಿ ಗಂಟಲಿನ ತೊಂದರೆಯಾಗಿ, ಚಿಕಿತ್ಸೆಯ ನಂತರ ದನಿ ಇಳಿದು, ನಾವೆಲ್ಲ ಬಲ್ಲ ಆ ಗಂಭೀರ ಕಂಠ ಬಂತು. ಇದು ಗೊತ್ತಿಲ್ಲದವರು ಹಳೆಯ ತಟ್ಟೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಳಿದಾಗ, ‘ವೇಗ ಜಾಸ್ತಿಯಾಗಿದೆ, ಗಂಗೂಬಾಯಿ ಹೀಗೆ ಹಾಡುವುದಿಲ್ಲ’ ಎಂದು ನಿಧಾನ ಮಾಡಿಬಿಡುತ್ತಾರೆ. ಆಗ ಉಳಿಯುವುದು ಗಾಂಧಾರಿಯೂ ಅಲ್ಲದ, ಗಂಗೂಬಾಯಿಯೂ ಅಲ್ಲದ ಒಂದು ದನಿ. ಆದ್ದರಿಂದ ದನಿಯ ದಪ್ಪ ನೋಡಿ ವೇಗ ತೀರ್ಮಾನಿಸಬೇಡಿ. ಶೇಕಡ 6ರಷ್ಟು ವೇಗ ಹೆಚ್ಚಾದರೆ ಪಟ್ಟಿ (ಹಾಡಿಕೆಯ ಆಧಾರ ಶ್ರುತಿ) ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ಒಂದು ಮನೆ ಏರುತ್ತದೆ, ಕರಿ ಎರಡರಲ್ಲಿ ಹಾಡಿದ್ದು ಬಿಳಿ ಮೂರರಲ್ಲಿ ಕೇಳುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ತಟ್ಟೆಯನ್ನು 74ರಲ್ಲಿ ತಿರುಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಕೆಳಗಿಳಿಯುತ್ತದೆ. ತಿರುಗುಮಣೆಯ ವೇಗ ನೋಡಲು 50 ಹರ್ಟ್ಸ್ ವಿದ್ಯುತ್ತಿನ ಬೆಳಕಿನಲ್ಲಿ 77 ಗೆರೆಗಳ ಸ್ಟ್ರೋಬ್ ಚಕ್ರ ಇಡಬೇಕು. ಗೆರೆಗಳು ನಿಂತಂತೆ ಕಂಡರೆ ವೇಗ ನಿಮಿಷಕ್ಕೆ 77.92 ಸುತ್ತು. ಎಲ್‌ಇಡಿ ಬಲ್ಬಿನ ಕೆಳಗೆ ಈ ಪರೀಕ್ಷೆಯನ್ನು ನಂಬುವಂತಿಲ್ಲ, ನಿಯಾನ್ ಸೂಚಕ ದೀಪ ಅಥವಾ ಹಳೆಯ ತಂತಿ ಬಲ್ಬು ಬೇಕು. ಇಷ್ಟಾದ ಮೇಲೂ ಮುದ್ರಣದ ಹೊತ್ತಿನಲ್ಲೇ ವೇಗ ಆಚೀಚೆ ಆಗಿರಬಹುದು. ಒಂದೇ ತಟ್ಟೆಯ ಎರಡು ಬದಿಗಳ ಷಡ್ಜವನ್ನು (ಆಧಾರದ ‘ಸ’) ಹೋಲಿಸಿ, ಪೇಟಿಯ ಮನೆಗೆ ಕೂರುತ್ತದೆಯೇ ನೋಡಿ, ಆಮೇಲೆ ನಿರ್ಧರಿಸಬೇಕು.

78ರ ತಟ್ಟೆಗೆ ಬೇಕಾದ ಮುಳ್ಳು ಸುಮಾರು 75 ಮೈಕ್ರಾನ್. ಆಮೇಲೆ ಬಂದ ಎಲ್‌ಪಿ ತಟ್ಟೆಯ 25 ಮೈಕ್ರಾನ್ ಮುಳ್ಳು ಹಾಕಿದರೆ ಅದು ಗೆರೆಯ ತಳದಲ್ಲಿ ಓಡಿ, ಅಲ್ಲಿ ಕೂತ ಧೂಳಿನ ಸದ್ದನ್ನೇ ಎತ್ತಿಕೊಡುತ್ತದೆ. ಈ ತಟ್ಟೆಗಳು ಅರಗಿನವು. ಸ್ಪಿರಿಟ್ ಹಾಕಿ ಒರೆಸಿದರೆ ಮೇಲ್ಮೈ ಕರಗುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಒಂದೆರಡು ಹನಿ ಸೌಮ್ಯ ಸೋಪು, ಮೆತ್ತನೆಯ ಬ್ರಷ್, ಲೇಬಲ್ಲಿಗೆ ನೀರು ತಾಗದಂತೆ ಎಚ್ಚರ, ಇಷ್ಟೇ ಸಾಕು.

ಆದರೆ ನಮ್ಮ ಭಾಗದ ನಿಜವಾದ ಆಸ್ತಿ ತಟ್ಟೆಗಳಲ್ಲಿಲ್ಲ. ತಟ್ಟೆಯ ಒಂದು ಬದಿಗೆ ಮೂರು-ಮೂರೂವರೆ ನಿಮಿಷ. ಮೂರು ಗಂಟೆಯ ಬೈಠಕ್ (ಆಪ್ತ ಕಚೇರಿ) ಇರುವುದು ಮನೆಗಳಲ್ಲಿ, ಸಿ-60, ಸಿ-90 ಕ್ಯಾಸೆಟ್ಟುಗಳಲ್ಲಿ, ಅಲ್ಲೊಂದು ಇಲ್ಲೊಂದು ಸ್ಪೂಲಿನಲ್ಲಿ. ಮಠದ ಉತ್ಸವ, ಮದುವೆ ಮನೆಯ ಹಾಡಿಕೆ, ಗಣೇಶೋತ್ಸವದ ರಾತ್ರಿ, ಇವೆಲ್ಲ ಅಲ್ಲಿಯೇ. ರಾಜಗುರು ಅವರು ಖಯಾಲಿನ (ರಾಗವನ್ನು ವಿಸ್ತರಿಸುವ ಮುಖ್ಯ ಹಾಡಿಕೆ) ನಂತರ ವಚನ, ನಾಟ್ಯಗೀತೆಗಳಿಗೆ ಬರುತ್ತಿದ್ದ ಆ ಕೊನೆಯ ಗಂಟೆ ಕಂಪನಿಯ ಕ್ಯಾಸೆಟ್ಟಿನಲ್ಲಿ ಪೂರ್ತಿ ಸಿಗುವುದಿಲ್ಲ, ಕೇಳುಗರೊಬ್ಬರ ಟೇಪ್ ರೆಕಾರ್ಡರಿನಲ್ಲಿ ಸಿಗುತ್ತದೆ.

ಕ್ಯಾಸೆಟ್ ತಂದುಕೊಟ್ಟವರ ಮುಂದೆಯೇ ಪ್ಲೇಯರಿಗೆ ಹಾಕಿ ಒತ್ತಬೇಡಿ. ಮೊದಲು ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ಬಿಳಿಯ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ಅದನ್ನು ಓಡಿಸಿದರೆ ಹೆಡ್ಡಿಗೆ (ಯಂತ್ರದಲ್ಲಿ ಟೇಪನ್ನು ಓದುವ ಭಾಗ) ಅಂಟಿ ಮುಂದಿನ ಹತ್ತು ಕ್ಯಾಸೆಟ್ಟುಗಳಿಗೆ ಹಬ್ಬುತ್ತದೆ. ಅಂಥವನ್ನು ಬೇರೆ ಡಬ್ಬಿಯಲ್ಲಿಟ್ಟು, ಮಾಸ್ಕ್ ಹಾಕಿಕೊಂಡು, ನೂಲು ಬಿಡದ ಬಟ್ಟೆಯ ಮೇಲೆ ನಿಧಾನ ಸುತ್ತಿ ಸ್ವಚ್ಛ ಮಾಡಬೇಕು. ಆಮೇಲೆ ಒಳಗಿನ ಫೆಲ್ಟ್ ತುಣುಕು ಇದೆಯೇ ನೋಡಿ. ಹೆಡ್ಡಿಗೆ ಟೇಪನ್ನು ಒತ್ತುವುದು ಅದೇ. ಗೋಂದು ಒಣಗಿ ಉದುರಿದ್ದರೆ ಧ್ವನಿ ಮಂಕಾಗಿ ಏರಿಳಿಯುತ್ತದೆ, ಜನ ಟೇಪೇ ಹಾಳಾಗಿದೆ ಎಂದುಕೊಂಡು ಎಸೆಯುತ್ತಾರೆ. ಸ್ಕ್ರೂ ಇರುವ ಒಂದು ಖಾಲಿ ಕ್ಯಾಸೆಟ್ ಚಿಪ್ಪಿಗೆ ಸುರುಳಿಯನ್ನು ವರ್ಗಾಯಿಸಿದರೆ ಹತ್ತು ನಿಮಿಷದ ಕೆಲಸ. ಹತ್ತು-ಇಪ್ಪತ್ತು ವರ್ಷ ಅಲುಗದೆ ಕೂತ ಟೇಪನ್ನು ಒಮ್ಮೆ ತುದಿಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದ ನಂತರವೇ ಇಳಿಸಬೇಕು, ಇಲ್ಲದಿದ್ದರೆ ಪದರ ಪದರಕ್ಕೆ ಅಂಟಿ ನಡುವೆ ಸಿಕ್ಕಿಬೀಳುತ್ತದೆ. ಸಿ-120 ಟೇಪು ತೀರ ತೆಳು, ಅದನ್ನು ವೇಗವಾಗಿ ಸುತ್ತಲೇಬಾರದು.

ಸ್ಪೂಲುಗಳಲ್ಲಿ ಎರಡು ಜಾತಿ. ಸುರುಳಿಯನ್ನು ಬೆಳಕಿಗೆ ಹಿಡಿದಾಗ ಬೆಳಕು ತೂರಿ ಬಂದರೆ ಅಸಿಟೇಟ್, ಬಾರದಿದ್ದರೆ ಪಾಲಿಯೆಸ್ಟರ್. ಅಸಿಟೇಟ್ ಕೆಟ್ಟಾಗ ವಿನೆಗರಿನ ವಾಸನೆ ಹೊಡೆಯುತ್ತದೆ. ಅದನ್ನು ಉಳಿದವುಗಳಿಂದ ದೂರವಿಟ್ಟು ಮೊದಲು ಇಳಿಸಿಕೊಳ್ಳಬೇಕು. 1970ರ ದಶಕದ ಕೆಲವು ಪಾಲಿಯೆಸ್ಟರ್ ಟೇಪುಗಳು ತೇವ ಹೀರಿ ಜಿಗುಟಾಗಿ ಕಿರುಚುತ್ತವೆ. ಅವನ್ನು 50ರಿಂದ 55 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಂಟು ಗಂಟೆಯಾದರೂ ಒಣಗಿಸಿದರೆ ಕೆಲವು ವಾರ ಓಡುತ್ತವೆ. ಇದೇ ಉಪಚಾರ ಅಸಿಟೇಟಿಗೆ ಮಾಡಿದರೆ ಟೇಪು ಶಾಶ್ವತವಾಗಿ ಸುರುಟುತ್ತದೆ. ಜಾತಿ ಗುರುತಿಸದೆ ಬಿಸಿ ಮಾಡಬೇಡಿ, ಅಡುಗೆಮನೆಯ ಓವನ್ನಿನಲ್ಲಂತೂ ಬೇಡವೇ ಬೇಡ.

ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಓರೆ ಹೊಂದಿಸಬೇಕು. ಸಣ್ಣ ಸ್ಕ್ರೂ ತಿರುಗಿಸುತ್ತ ತಂಬೂರಿಯ ಜವಾರಿ (ತಂತಿಯ ಝೇಂಕಾರ) ಅತಿ ನಿಚ್ಚಳವಾಗಿ ಕೇಳುವ ಕಡೆ ನಿಲ್ಲಿಸಿ. ನಮ್ಮ ಸಂಗೀತದ ಅನುಕೂಲ ಇದು: ತಂಬೂರಿಯೇ ಅಳತೆಗೋಲು. ಮನೆಯ ಪ್ಲೇಯರುಗಳ ವೇಗದಲ್ಲಿ ಶೇಕಡ 3ರವರೆಗೆ ವ್ಯತ್ಯಾಸ ಇರುತ್ತದೆ, ಅಂದರೆ ಅರ್ಧ ಮನೆ ಪಟ್ಟಿ. ಮುದ್ರಣದ ಹಿಂದೆ ಕರೆಂಟಿನ ಗುಂಯ್‌ಗುಡುವಿಕೆ ಇದ್ದರೆ ಅದು 50 ಹರ್ಟ್ಸ್ ಇರಬೇಕು, 51.5 ತೋರಿಸಿದರೆ ವೇಗ ಶೇಕಡ 3 ಹೆಚ್ಚಿದೆ ಎಂದು ಪುಸ್ತಕದ ಲೆಕ್ಕ. ಆದರೆ ನಮ್ಮಲ್ಲಿ ಆ ದಶಕಗಳಲ್ಲಿ ವಿದ್ಯುತ್ ಜಾಲದ ಆವರ್ತನವೇ 48.5ಕ್ಕೆ ಇಳಿಯುತ್ತಿತ್ತು. ಹೊರದೇಶದ ಕೈಪಿಡಿ ನೋಡಿ ಗುಂಯ್ ಸದ್ದನ್ನು 50ಕ್ಕೆ ಎಳೆದು ಕೂರಿಸಿದರೆ ಗಾಯಕರ ಪಟ್ಟಿ ತಪ್ಪುತ್ತದೆ. ಅದೇ ಗಾಯಕರ ಅದೇ ಕಾಲದ ಬಾನುಲಿ ಮುದ್ರಣದ ಷಡ್ಜದೊಂದಿಗೆ ಹೋಲಿಸಿ ನೋಡಿಯೇ ಒಪ್ಪಬೇಕು.

ಎಲ್ಲಕ್ಕಿಂತ ದೊಡ್ಡ ಹಾನಿ ಆಗುತ್ತಿರುವುದು ‘ಕ್ಲೀನ್’ ಮಾಡುವ ಉತ್ಸಾಹದಲ್ಲಿ. ಸದ್ದು ತೆಗೆಯುವ ಸಾಫ್ಟ್‌ವೇರಿಗೆ ಮೊದಲ ಕೆಲವು ಸೆಕೆಂಡನ್ನು ಮಾದರಿಯಾಗಿ ಕೊಡುತ್ತಾರೆ. ಆ ಸೆಕೆಂಡುಗಳಲ್ಲಿ ತಂಬೂರಿ ಮಿಡಿಯುತ್ತಿರುತ್ತದೆ. ಒಂದೇ ಸಮನೆ ಬರುವ ನಾದವನ್ನು ಯಂತ್ರ ಗಲೀಜು ಎಂದು ತಿಳಿದು ಇಡೀ ಹಾಡಿನಿಂದ ಅಳಿಸುತ್ತದೆ. ಕಿರಾಣಾ ಗಾಯನಶೈಲಿಯಲ್ಲಿ ದನಿ ತಂಬೂರಿಯೊಳಗೆ ಕರಗಿ ಸೇರುವ ಕ್ಷಣವೇ ಹಾಡಿನ ಜೀವ. ಅದನ್ನೇ ತೆಗೆದು, ಬರಿಯ ಕಂಠವನ್ನು ನೀರಿನಡಿಯಿಂದ ಬಂದ ಹಾಗೆ ಉಳಿಸಿ ಅಂತರ್ಜಾಲಕ್ಕೆ ಹಾಕುತ್ತಾರೆ. ಮೂಲ ಪ್ರತಿಯನ್ನು ಮುಟ್ಟದೆ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಕಡತವಾಗಿ ಇಡಿ. ಕೇಳಲು ಮಾಡಿದ ಪ್ರತಿಯಲ್ಲಿ ಬೇಕಾದರೆ ಚಟಪಟ ಸದ್ದಷ್ಟೇ ತೆಗೆಯಿರಿ.

ಲೆಕ್ಕಕ್ಕೆ ಬರೋಣ. ಒಂದು ಸಿ-90 ಇಳಿಸಲು 90 ನಿಮಿಷ ಓಟ, ಪರೀಕ್ಷೆ, ಹೊಂದಿಕೆ, ಹೆಸರು ಬರೆಯುವುದು ಸೇರಿ ಎರಡೂವರೆ ಗಂಟೆ. ಒಂದು ಯಂತ್ರಕ್ಕೆ ದಿನಕ್ಕೆ ಮೂರು ಕ್ಯಾಸೆಟ್. ಎರಡು ಯಂತ್ರ ಇಟ್ಟರೆ ಆರು. 53 ದಿನಗಳಲ್ಲಿ ಭಾನುವಾರ, ಹಬ್ಬ, ಸ್ವಾತಂತ್ರ್ಯ ದಿನ ಕಳೆದು 40 ದಿನ ಕೆಲಸವೆಂದರೂ 240 ಕ್ಯಾಸೆಟ್. ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 2 ಜಿಬಿ, ಒಂದು ಸಿ-90ಕ್ಕೆ 3 ಜಿಬಿ, ಒಟ್ಟು 750 ಜಿಬಿಯೊಳಗೆ ಮುಗಿಯುತ್ತದೆ. ಒಂದೊಂದು ಟೆರಾಬೈಟಿನ ಮೂರು ಡಿಸ್ಕ್ ಸಾಕು, ಮೂರನೆಯದು ಬೇರೆ ಊರಿನಲ್ಲಿರಲಿ. ಕ್ಯಾಸೆಟ್ಟನ್ನು ಒಡೆಯರಿಂದ ಕಸಿದುಕೊಳ್ಳುವ ಮಾತೇ ಇಲ್ಲ. ರಸೀದಿ ಕೊಟ್ಟು ಪಡೆದು, ಎರಡು ದಿನದಲ್ಲಿ ಪ್ರತಿಯ ಜೊತೆ ಹಿಂದಿರುಗಿಸಬೇಕು. ‘ಕೊಟ್ಟರೆ ವಾಪಸ್ ಬರುವುದಿಲ್ಲ’ ಎಂಬ ಅಂಜಿಕೆಯಿಂದಲೇ ಎಷ್ಟೋ ಮನೆಗಳು ಬಾಯಿಬಿಡುವುದಿಲ್ಲ. ಇದು ಮಳೆಗಾಲವೂ ಹೌದು. ಕೆಲಸದ ಕೋಣೆಗೆ ಒಂದು ಡಿಹ್ಯೂಮಿಡಿಫೈಯರ್ ಅಗತ್ಯ, ತೇವಾಂಶ ಶೇಕಡ 50ರ ಒಳಗಿರಲಿ.

ವಿವರ ಬರೆದುಕೊಳ್ಳುವಾಗ ರಾಗದ ಹೆಸರನ್ನು ಕಿವಿ ಬಲ್ಲವರೊಬ್ಬರು ಖಾತ್ರಿ ಮಾಡಲಿ. ಮನಸೂರರ ಸಂಪೂರ್ಣ ಮಾಲಕಂಸವನ್ನು ಬರಿ ಮಾಲಕಂಸ ಎಂದೂ, ಏಕ ನಿಷಾದ ಬಿಹಾಗಡಾವನ್ನು ಬಿಹಾಗ ಎಂದೂ, ನಟ ಬಿಹಾಗವನ್ನೂ ಬಿಹಾಗವೆಂದೇ ಬರೆದಿಟ್ಟರೆ, ಅಪರೂಪದ ರಾಗಗಳನ್ನು ಅವರು ಜೀವಮಾನವಿಡೀ ಕಾಪಾಡಿದ್ದು ಪಟ್ಟಿಯಲ್ಲಿ ಮರೆಯಾಗುತ್ತದೆ. ಚೀಜಿನ (ಹಾಡಿದ ರಚನೆಯ) ಮೊದಲ ಸಾಲು, ತಾಳ, ತಬಲಾ, ಪೇಟಿಯವರ ಹೆಸರು ಇರಲಿ. ಗಂಗೂಬಾಯಿಯವರ ಮುದ್ರಣಗಳಲ್ಲಿ ಜೊತೆಯಲ್ಲಿ ಕೇಳುವ ಎತ್ತರದ ದನಿ ಮಗಳು ಕೃಷ್ಣಾ ಹಾನಗಲ್ ಅವರದು. ಪಟ್ಟಿಗಳಲ್ಲಿ ಅವರ ಹೆಸರು ಬಿಟ್ಟುಹೋಗಿರುವುದೇ ಹೆಚ್ಚು. ಕೃಷ್ಣಾ ತೀರಿಕೊಂಡದ್ದು 2004ರಲ್ಲಿ. ಡಬ್ಬಿಯ ಮೇಲೆ 2005 ಎಂದು ಬರೆದಿದ್ದು ಒಳಗೆ ಅವರ ದನಿ ಇದ್ದರೆ ಡಬ್ಬಿ ಅದಲುಬದಲಾಗಿದೆ ಎಂದರ್ಥ.

ಹಕ್ಕಿನ ವಿಷಯ ಚಿಕ್ಕದಾಗಿ. ಪ್ರಕಟವಾದ ಧ್ವನಿಮುದ್ರಣಕ್ಕೆ ನಮ್ಮ ಕಾಯ್ದೆಯಲ್ಲಿ ಮರುವರ್ಷದಿಂದ 60 ವರ್ಷ ರಕ್ಷಣೆ. ಸವಾಯಿ ಗಂಧರ್ವರ ಕಾಲದಲ್ಲಿ ಬಂದ ತಟ್ಟೆಗಳು, ‘ಗಾಂಧಾರಿ’ ತಟ್ಟೆಗಳು ಅದನ್ನು ದಾಟಿವೆ. ಮನೆಯ ಮುದ್ರಣದಲ್ಲಿ ಹಾಡಿದವರ ಹಕ್ಕು 50 ವರ್ಷ: 1978ರ ಬೈಠಕ್ ಆದರೆ 2028ರ ಕೊನೆಯವರೆಗೆ. ಮುದ್ರಿಸಿಕೊಂಡವರ ಹಕ್ಕು ಬೇರೆಯೇ ಇದೆ. ಇಬ್ಬರ ಕಡೆಯವರಿಂದಲೂ ಒಂದು ಪುಟದ ಒಪ್ಪಿಗೆ ಪಡೆದು ಕಡತದ ಜೊತೆಗೇ ಇಡಿ.

ಜುಲೈ 21ರ ಕಾರ್ಯಕ್ರಮ ಹೇಗಿರಬೇಕು? ಬೆಳಗಿನ ರಾಗಗಳ ಮುದ್ರಣಕ್ಕೆ ಬೆಳಗ್ಗೆ 7ರಿಂದ 9, ಸಂಜೆಯದಕ್ಕೆ 5:30ರಿಂದ 8:30. ಆಷಾಢದ ಮಳೆಯಲ್ಲಿ ಮಿಯಾಂ ಮಲ್ಹಾರ ಕೇಳಿಸುವುದಕ್ಕೆ ಬೇರೆ ನೆಪ ಬೇಕೆ? ಮುದ್ರಣವನ್ನು ಅರ್ಧಕ್ಕೆ ನಿಲ್ಲಿಸಿ ಗಣ್ಯರನ್ನು ಸ್ವಾಗತಿಸಬೇಡಿ. ಎರಡು ಒಳ್ಳೆಯ ಸ್ಪೀಕರ್ ಸಾಕು, ಬಾಸ್ ಏರಿಸಬಾರದು, ಮೊಬೈಲಿನಿಂದ ಬ್ಲೂಟೂತ್ ಬೇಡ. ಕಿರಿಯರು ಹಾಡುವುದಾದರೆ ಇಬ್ಬರೇ ಹಾಡಲಿ, ತಲಾ 50 ನಿಮಿಷ. ಎಂಟು ಜನರಿಗೆ ತಲಾ 12 ನಿಮಿಷ ಹಂಚುವ ಪದ್ಧತಿಯಲ್ಲಿ ಕಿರಾಣಾ ಹಾಡಲಾಗುವುದಿಲ್ಲ: ಹನ್ನೆರಡು ಮಾತ್ರೆಯ ಏಕತಾಳವನ್ನು ಅತಿ ವಿಲಂಬಿತದಲ್ಲಿ (ತೀರ ನಿಧಾನವಾಗಿ) ಮಾತ್ರೆಗೆ 4 ಸೆಕೆಂಡ್ ಹಿಡಿದರೆ ತಾಳದ ಒಂದು ಆವರ್ತನಕ್ಕೇ 48 ಸೆಕೆಂಡ್, 12 ನಿಮಿಷದಲ್ಲಿ ಹದಿನೈದು ಆವರ್ತನ. ಅಷ್ಟರಲ್ಲಿ ದನಿ ಮಧ್ಯಮದವರೆಗೂ ಬಂದಿರುವುದಿಲ್ಲ. ಮಳೆಯ ತೇವಕ್ಕೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ವಾದ್ಯಗಳು ಒಂದು ಗಂಟೆ ಮೊದಲೇ ಸಭಾಂಗಣದ ಗಾಳಿಗೆ ಹೊಂದಿಕೊಳ್ಳಲಿ, ಇನ್ನೊಂದು ದಾಯಾಂ (ಬಲಗೈ ತಬಲಾ) ಸಿದ್ಧವಿರಲಿ.

ಕ್ಯಾಸೆಟ್ ಇಳಿಸುವವರಿಗೆ ಇನ್ನೊಂದೇ ಮಾತು. ಹಾಡು ಮುಗಿದ ಮೇಲೆ ಬರುವ ಚಪ್ಪಾಳೆ, ‘ಇನ್ನೊಂದು ವಚನ ಆಗಲಿ’ ಎಂಬ ಕೂಗು, ನಿರೂಪಕರ ಮಾತು, ಯಾರೋ ತಬಲಾ ಸರಿಮಾಡಿಕೊಳ್ಳುವ ಸದ್ದು, ಇವನ್ನು ಕತ್ತರಿಸಬೇಡಿ. ಡಬ್ಬಿಯ ಮೇಲೆ ಏನೂ ಬರೆದಿಲ್ಲದ ಮುದ್ರಣಗಳಲ್ಲಿ ಊರು, ವರ್ಷ, ಪಕ್ಕವಾದ್ಯದವರ ಹೆಸರು ಸಿಗುವುದು ಆ ಕೊನೆಯ ಅರ್ಧ ನಿಮಿಷದಲ್ಲಿಯೇ. ಟೇಪು ಖಾಲಿಯಾಗಿ ತಾನೇ ನಿಲ್ಲುವವರೆಗೆ ಯಂತ್ರ ಓಡುತ್ತಿರಲಿ.

ಇಂತಿ,
ಹುಬ್ಬಳ್ಳಿ-ಧಾರವಾಡದ ಕೆಲವು ಕೇಳುಗರು ಮತ್ತು ಧ್ವನಿಸಂಗ್ರಹದ ಕೆಲಸ ಮಾಡುವವರು